ಕರೆಂಟ್ ತೆಗೆದವರು ಯಾರು? ಕೋತ್ವಾಲರ ಟವರ್‌ನಿಂದ ಕೂಡಗಿಯ ಕಂಪ್ಯೂಟರ್‌ವರೆಗೆ

ಈ ವಾರ ವಿಡಿಯೋದಲ್ಲಿ ಮಾತಾಡಿದ್ದನ್ನೇ ಓದೋರಿಗಾಗಿ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕ್ತಾ ಇದ್ದೀನಿ. ವಿಷಯ ಕರೆಂಟ್. ಅದರಲ್ಲೂ ಕರೆಂಟ್ ಅನ್ನು ಬೇಕಂತಲೇ ಕೆಡಿಸುವವರ ಇತಿಹಾಸ.

2025ರ ಮೇ ತಿಂಗಳ ಎರಡನೇ ವಾರ. ನಾನಿರೋದು ಪುಣೆಯ ಧನಕವಡಿಯಲ್ಲಿ, ಸಾತಾರಾ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಳೇ ಸೊಸೈಟಿಯಲ್ಲಿ. ಗಡಿಯಲ್ಲಿ ಡ್ರೋನ್ ಹಾರಾಡ್ತಿದ್ದ ದಿನಗಳು ಅವು. ರಾತ್ರಿ ಹತ್ತೂವರೆಗೆ ನಮ್ಮ ಗಲ್ಲಿಯ ಕರೆಂಟ್ ಹೋಯ್ತು. ಐದೇ ನಿಮಿಷದಲ್ಲಿ ಸೊಸೈಟಿಯ ವಾಟ್ಸಾಪ್ ಗ್ರೂಪ್‌ಗೆ ಫಾರ್ವರ್ಡ್ ಬಂತು: ಪಾಕಿಸ್ತಾನದ ಹ್ಯಾಕರ್‌ಗಳು ಭಾರತದ ಶೇ 70ರಷ್ಟು ಗ್ರಿಡ್ ಕೆಡವಿದ್ದಾರೆ ಅಂತ. ಅದು ಸುಳ್ಳು ಎಂದು ಪಿಐಬಿ ಫ್ಯಾಕ್ಟ್‌ಚೆಕ್ ಸ್ಪಷ್ಟವಾಗಿ ಹೇಳಿತ್ತು. ಆದರೆ ಕತ್ತಲಲ್ಲಿ ಕೂತವರಿಗೆ ಸುಳ್ಳು ಬೇಗ ಮುಟ್ಟುತ್ತದೆ. ವಿಜಯಪುರ ಜಿಲ್ಲೆಯ ಊರಿಂದ ಅವ್ವನ ಫೋನ್ ಬಂತು. "ತಮ್ಮಾ, ಅಲ್ಲಿ ಕರೆಂಟ್ ಎಲ್ಲಾ ತಗದಾರಂತ, ಖರೇ ಏನೋ?" ನಾನಂದೆ, "ಇಲ್ಲಬೇ ಅವ್ವಾ, ನಮ್ಮ ಓಣ್ಯಾಗಷ್ಟ ಹೋಗೈತಿ."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ವೈನಿ. ಅವರ ಮಾವ, ನಾವೆಲ್ಲ ಆಜೋಬಾ ಅನ್ನೋದು, ಎರಡು ವರ್ಷದಿಂದ ಆಕ್ಸಿಜನ್ ಕಾನ್ಸಂಟ್ರೇಟರ್ ಮೇಲಿದ್ದಾರೆ. ಅವರ ಇನ್ವರ್ಟರ್ ಬ್ಯಾಟರಿ ಹಳೇದು, ಆಗಲೇ ಬೀಪ್ ಹೊಡೀತಿತ್ತು. ನಮ್ಮ ಮನೆಯ ಇನ್ವರ್ಟರ್‌ನಿಂದ ಬಾಲ್ಕನಿಯ ಮೂಲಕ ಎಕ್ಸ್‌ಟೆನ್ಶನ್ ವೈರ್ ಇಳಿಬಿಟ್ಟೆವು. ಮನೆಯ ಫ್ಯಾನು, ಲೈಟು ಎಲ್ಲ ಆಫ್. ಕರೆಂಟ್ ಬಂದಾಗ ರಾತ್ರಿ ಒಂದೂವರೆ. ಬೆಳಿಗ್ಗೆ ಗೊತ್ತಾಯ್ತು, ಹ್ಯಾಕರ್ ಯಾರೂ ಇರಲಿಲ್ಲ. ಎರಡು ಗಲ್ಲಿ ಆಚೆ ರಸ್ತೆ ಅಗೆಯುತ್ತಿದ್ದ ಜೆಸಿಬಿ ನೆಲದೊಳಗಿನ ಕೇಬಲ್ ಕಿತ್ತಿತ್ತು.

ಆ ಮೂರು ತಾಸು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾವು ಮೊದಲು ಕೇಳಿದ್ದು "ಯಾರು ಮಾಡಿದ್ದು?" ಅಂತ. ಆಜೋಬಾಗೆ ಬೇಕಿದ್ದದ್ದು ಬೇರೆ ಪ್ರಶ್ನೆ: "ಇನ್ನೆಷ್ಟು ಹೊತ್ತು?" ಈ ಎರಡು ಪ್ರಶ್ನೆ ಇಟ್ಟುಕೊಂಡು ಇತಿಹಾಸ ನೋಡೋಣ ಬನ್ನಿ.

ದೂರದ ನೀರಿನಿಂದ ಕರೆಂಟ್ ಮಾಡಿ, ತಂತಿ ಎಳೆದು ಊರಿಗೆ ತರೋ ಕಥೆಯಲ್ಲಿ ನಮ್ಮ ಕರ್ನಾಟಕ ಮೊದಲ ಸಾಲಿನಲ್ಲಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾದ ಮೇಲೆ, 1905ರಲ್ಲಿ. ಅಂದರೆ ಗಣಿ ಮೊದಲು, ಜನ ಆಮೇಲೆ. ಪುಣೆಯ ಪಕ್ಕದ ಘಟ್ಟಗಳಲ್ಲೂ ಇದೇ ಕಥೆ. ಟಾಟಾ ಕಂಪನಿಯ ಜಲವಿದ್ಯುತ್ ಕೇಂದ್ರಗಳು ಖೋಪೋಲಿಯಲ್ಲಿ 1915ಕ್ಕೆ, ಭಿವಪುರಿಯಲ್ಲಿ 1922ಕ್ಕೆ, ಭಿರಾದಲ್ಲಿ 1927ಕ್ಕೆ ಶುರುವಾದವು. ನೀರು ಲೋಣಾವಳಾ, ಮುಳಶಿ ಕಡೆಯದು. ಕರೆಂಟ್ ಮುಂಬೈ ಮಿಲ್ಲುಗಳಿಗೆ. ಮುಳಶಿ ಅಣೆಕಟ್ಟಿಗೆ ಹೊಲ ಕಳಕೊಂಡ ಮಾವಳದ ರೈತರು 1921ರಲ್ಲಿ ಸತ್ಯಾಗ್ರಹಕ್ಕಿಳಿದರು, ಸೇನಾಪತಿ ಬಾಪಟ್ ಅದರ ಮುಂದಾಳು. ರೈತರು ಸೋತರು, ಅಣೆಕಟ್ಟು ಎದ್ದಿತು.

ಈ ಲೈನ್‌ಗಳ ದುರ್ಬಲ ಜಾಗ ಎಲ್ಲಿದೆ ಅಂತ ಚೆನ್ನಾಗಿ ಕಂಡುಕೊಂಡವರು ಭಾಯಿ ಕೋತ್ವಾಲ್. ಪೂರ್ತಿ ಹೆಸರು ವಿಠ್ಠಲ ಲಕ್ಷ್ಮಣ ಕೋತ್ವಾಲ್. 1912ರಲ್ಲಿ ಮಾಥೇರಾನಿನ ಕ್ಷೌರಿಕ ಸಮುದಾಯದ ಮನೆಯಲ್ಲಿ ಹುಟ್ಟಿ, ಓದಿ ವಕೀಲರಾದವರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದಾಗ ಭೂಗತರಾಗಿ 'ಆಜಾದ್ ದಸ್ತಾ' ಕಟ್ಟಿದರು. ಮುಂಬೈಗೆ ಕರೆಂಟ್ ಒಯ್ಯುತ್ತಿದ್ದ ಟವರ್‌ಗಳನ್ನು ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದಾದ ಮೇಲೊಂದು ಕೆಡವಿದರು. ಮಹಾನಗರದೊಳಗೆ ಕಾಲಿಡದೇನೇ ಅದರ ಕಾರ್ಖಾನೆಗಳಿಗೆ ಪೆಟ್ಟು ಕೊಡಬಹುದು ಅನ್ನೋದು ಅವರ ಲೆಕ್ಕ. ಸರ್ಕಾರಕ್ಕೆ ಕಾಡಿನ ಪ್ರತಿ ಟವರ್‌ಗೂ ಒಬ್ಬೊಬ್ಬ ಪೊಲೀಸನನ್ನು ನಿಲ್ಲಿಸೋದು ಸಾಧ್ಯವಿರಲಿಲ್ಲ. 1943ರ ಜನವರಿ 2ರಂದು ಸಿದ್ಧಗಡದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಕೋತ್ವಾಲ್ ಮತ್ತು ಹಿರಾಜಿ ಪಾಟೀಲ್ ಬಲಿಯಾದರು. ಅದೇ ವರ್ಷ ಏಪ್ರಿಲ್ 1ಕ್ಕೆ ನಮ್ಮ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವ ಗುಂಡಿಗೆ ಬಿದ್ದರು. ಆಗಿನ ಸರ್ಕಾರಿ ಭಾಷೆಯಲ್ಲಿ ಇವರೆಲ್ಲ ಮಾಡಿದ್ದು ವಿಧ್ವಂಸಕ ಕೃತ್ಯ. ನಮ್ಮ ಭಾಷೆಯಲ್ಲಿ ಇವರು ಹುತಾತ್ಮರು.

ಇಲ್ಲಿ ಒಂದು ಮಾತು ಹೇಳಲೇಬೇಕು. 1942ರಲ್ಲಿ ಆ ಕರೆಂಟ್ ಮುಖ್ಯವಾಗಿ ಮಿಲ್ಲಿನದ್ದು, ರೈಲಿನದ್ದು. ಟವರ್ ಕೆಳಗಿನ ಹಳ್ಳಿಯ ಗುಡಿಸಲಿಗೆ ಅದು ಬಂದೇ ಇರಲಿಲ್ಲ. ಇವತ್ತು ಅದೇ ತಂತಿಯ ತುದಿಯಲ್ಲಿ ಆಜೋಬಾರ ಉಸಿರಿದೆ, ಊರಿನ ಬೋರ್‌ವೆಲ್ ಇದೆ, ಆಸ್ಪತ್ರೆಯ ಐಸಿಯು ಇದೆ. ಅದಕ್ಕೇ ಕೋತ್ವಾಲರಿಗೆ ಕೈ ಮುಗಿಯೋ ನಾನು, ಇವತ್ತು ಯಾರೇ ಯಾವ ಕಾರಣಕ್ಕೆ ಗ್ರಿಡ್ ಮುಟ್ಟಿದರೂ ಒಪ್ಪೋದಿಲ್ಲ. ಪೆಟ್ಟು ಬೀಳೋದು ಈಗ ಸರ್ಕಾರಕ್ಕಲ್ಲ, ಕೆಳಗಿನ ಮನೆಗೆ.

ಇನ್ನೂ ಒಂದು ಬದಲಾವಣೆ ಆಗಿದೆ. ಆಗಿನ ಲೈನ್ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಗ್ಗ ಕಟ್ಟಿದ ಹಾಗೆ. ಈಗಿನ ಗ್ರಿಡ್ ಹಂತಿ ಕಟ್ಟಿದ ಹಾಗೆ. ನಮ್ಮ ಕಡೆ ಕಣದಲ್ಲಿ ಮೇಟಿ ಸುತ್ತ ಐದಾರು ಎತ್ತು ಸಾಲಾಗಿ ಕಟ್ಟಿ ತೆನೆ ತುಳಿಸ್ತಿದ್ದರಲ್ಲ, ಎಲ್ಲ ಎತ್ತೂ ಒಂದೇ ಹೆಜ್ಜೆ ಹಾಕಬೇಕು. ದೇಶದ ಎಲ್ಲ ಜನರೇಟರ್‌ಗಳೂ ಹಾಗೇ 50 ಹರ್ಟ್ಸ್‌ನಲ್ಲಿ ಹೆಜ್ಜೆ ಕೂಡಿಸಬೇಕು. ಒಂದು ಎತ್ತು ದಣಿದರೆ ಉಳಿದವು ಎಳಕೊಂಡು ಹೋಗ್ತವೆ, ಅದು ಲಾಭ. ಒಂದು ಮುಗ್ಗರಿಸಿ ಬಿದ್ದರೆ ಹಗ್ಗ ಬೇಗ ಬಿಚ್ಚಬೇಕು, ಇಲ್ಲದಿದ್ದರೆ ಸಾಲೆಲ್ಲ ಬೀಳ್ತದೆ. ಆ ಹಗ್ಗ ಬಿಚ್ಚೋ ಕೆಲಸ ಮಾಡೋದು ರಿಲೇಗಳು.

2012ರ ಜುಲೈ 30ರ ನಡುರಾತ್ರಿ ದಾಟಿದ ಮೇಲೆ, 2.33ಕ್ಕೆ, ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆಗಿ ಉತ್ತರ ಭಾರತ ಕತ್ತಲಾಯ್ತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ, ಈಶಾನ್ಯ ಮೂರೂ ಗ್ರಿಡ್ ಬಿದ್ದವು. ಸುಮಾರು 62 ಕೋಟಿ ಜನ ಇರುವ ಪ್ರದೇಶ ಅದು. ತನಿಖೆ ಮಾಡಿದ ಸಮಿತಿ ಹೇಳಿದ್ದು: ಕೆಲವು ಲೈನ್ ಮೊದಲೇ ಬಂದ್ ಇದ್ದವು, ಉಳಿದವುಗಳ ಮೇಲೆ ವಿಪರೀತ ಹೊರೆ ಇತ್ತು, ರಾಜ್ಯಗಳು ಹೆಚ್ಚು ಎಳಕೊಂಡವು, ರಿಲೇಗಳು ತಪ್ಪಾಗಿ ನಡೆದುಕೊಂಡವು. ಸೈಬರ್ ದಾಳಿ ಅಲ್ಲ ಅಂತಾನೂ ಹೇಳಿತು. ಆವತ್ತು ದಕ್ಷಿಣ ಭಾರತ ಉಳಿಯಿತು, ಯಾಕಂದ್ರೆ ನಮ್ಮ ಎತ್ತು ಆ ಸಾಲಿನಲ್ಲಿ ಇನ್ನೂ ಕಟ್ಟಿರಲಿಲ್ಲ. ಕಟ್ಟಿದ್ದು 2013ರ ಡಿಸೆಂಬರ್ 31ಕ್ಕೆ, ರಾಯಚೂರು–ಸೋಲಾಪುರ 765 ಕೆವಿ ಲೈನ್ ಮೂಲಕ. ನಾನು ಊರಿಂದ ಪುಣೆಗೆ ಬರೋದೂ ಸೋಲಾಪುರದ ಮೇಲೇ. ನನ್ನೂರೂ ಧನಕವಡಿಯೂ ಈಗ ಒಂದೇ ಹೆಜ್ಜೆಯಲ್ಲಿವೆ.

ಈಗ ನಮ್ಮ ಸಾಫ್ಟ್‌ವೇರ್ ಕಡೆಗೆ ಬರೋಣ. 2020ರ ಅಕ್ಟೋಬರ್ 12, ಕೋವಿಡ್ ಕಾಲ. ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬೈ ಕತ್ತಲಾಯ್ತು, ಲೋಕಲ್ ರೈಲುಗಳು ನಿಂತವು. ಹೊರಗಿನ ಗ್ರಿಡ್ ಬಿದ್ದರೆ ನಗರವನ್ನು ಬೇರೆ ಮಾಡಿ ಉಳಿಸೋದಕ್ಕಂತಲೇ ಮುಂಬೈಗೆ 'ಐಲ್ಯಾಂಡಿಂಗ್' ವ್ಯವಸ್ಥೆ ಇದೆ. ಆವತ್ತು ಅದು ಕೈಕೊಟ್ಟಿತು. 2021ರ ಫೆಬ್ರುವರಿ 28ಕ್ಕೆ ಅಮೆರಿಕದ ರೆಕಾರ್ಡೆಡ್ ಫ್ಯೂಚರ್ ಕಂಪನಿಯ ವರದಿ ಬಂತು: 'ರೆಡ್‌ಎಕೋ' ಎಂಬ ಚೀನಾ ನಂಟಿನ ಗುಂಪು ಭಾರತದ ವಿದ್ಯುತ್ ವಲಯದ 10 ಸಂಸ್ಥೆಗಳನ್ನು ಗುರಿ ಮಾಡಿದೆ ಅಂತ. ಆ ಪಟ್ಟಿಯಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯ ಎನ್‌ಟಿಪಿಸಿ ಸ್ಥಾವರದ ಹೆಸರೂ ಇತ್ತು. 2,400 ಮೆಗಾವ್ಯಾಟ್‌ನ ಸ್ಥಾವರ ಅದು. ಮರುದಿನ ಮಹಾರಾಷ್ಟ್ರದ ಗೃಹಸಚಿವ ಅನಿಲ್ ದೇಶಮುಖ್, ಮುಂಬೈ ಘಟನೆಯ ಹಿಂದೆ ಸೈಬರ್ ವಿಧ್ವಂಸ ಇರಬಹುದು ಅಂದರು. ಕೇಂದ್ರ ವಿದ್ಯುತ್ ಸಚಿವ ಆರ್.ಕೆ. ಸಿಂಗ್, ಇಲ್ಲ, ಅದು ಮನುಷ್ಯರ ತಪ್ಪು ಅಂದರು. ವರದಿ ಬರೆದವರೇ ಮುಂಬೈ ಘಟನೆಗೂ ರೆಡ್‌ಎಕೋಗೂ ಸಂಬಂಧ ಸಾಬೀತಾಗಿಲ್ಲ ಅಂದಿದ್ದರು.

ಹಾಗಂತ ಹ್ಯಾಕರ್ ಭಯ ಸುಳ್ಳು ಅಂತಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಮೂರು ವಿತರಣಾ ಕಂಪನಿಗಳ ಕಂಪ್ಯೂಟರ್ ಹೊಕ್ಕು ಸುಮಾರು 2.25 ಲಕ್ಷ ಗ್ರಾಹಕರ ಕರೆಂಟ್ ತೆಗೆದರು. ಆಪರೇಟರ್‌ಗಳ ಕಣ್ಣೆದುರೇ ಮೌಸ್ ತಾನಾಗೇ ಓಡಾಡ್ತಾ ಬ್ರೇಕರ್ ತೆರೀತಿತ್ತು. ಆದರೂ ಕೆಲವೇ ತಾಸಿನಲ್ಲಿ ಕರೆಂಟ್ ವಾಪಸ್ ಬಂತು. ಹೇಗೆ? ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಸ್ವಿಚ್ ಹಾಕಿದರು. ಆ ಕೆಲಸ ಕೈಯಿಂದ ಮಾಡೋರು ಅಲ್ಲಿ ಇನ್ನೂ ಇದ್ದರು.

ಎಂಟೆಕ್ ಮಾಡಿ ಹತ್ತು ವರ್ಷ ಸಾಫ್ಟ್‌ವೇರ್ ಬರೆದ ಮೇಲೆ ನನಗೆ ಅರ್ಥವಾಗಿರೋದು ಇಷ್ಟೇ. ಸರ್ವರ್ ಬಿದ್ದಾಗ ನಮ್ಮಲ್ಲಿ ಮೊದಲು ಸರ್ವಿಸ್ ಎಬ್ಬಿಸ್ತೀವಿ, ಕಾರಣ ಹುಡುಕೋದು ಆಮೇಲೆ. ಶತ್ರು ಬಂದನೋ, ಜೆಸಿಬಿ ಬಂತೋ, ರಿಲೇ ತಪ್ಪಿತೋ, ಒಳಗೆ ಕೂತವನಿಗೆ ಕತ್ತಲು ಒಂದೇ. ಬಿಡಿ ಟ್ರಾನ್ಸ್‌ಫಾರ್ಮರ್ ಗೋದಾಮಿನಲ್ಲಿ ಇದ್ದರೆ, ಐಲ್ಯಾಂಡಿಂಗ್ ವರ್ಷಕ್ಕೊಮ್ಮೆ ಪರೀಕ್ಷೆ ಆದರೆ, ಲೈನ್‌ಮನ್‌ಗಳ ಖಾಲಿ ಹುದ್ದೆ ತುಂಬಿದರೆ, ಅದು ಮೂರೂ ಥರದ ಕತ್ತಲಿಗೆ ಮದ್ದು. "ವೈರಿ ಮಾಡಿದ" ಅಂದುಬಿಟ್ಟರೆ ಮಾತ್ರ ಈ ಸಣ್ಣ ಕೆಲಸಗಳ ಲೆಕ್ಕ ಯಾರೂ ಕೇಳೋದಿಲ್ಲ.

ನಮ್ಮ ಸೊಸೈಟಿಯಲ್ಲಿ ಈಗ ಒಂದು ಪಟ್ಟಿ ಮಾಡಿದ್ದೀವಿ: ಯಾರ ಮನೆಯಲ್ಲಿ ಮಷೀನ್ ಮೇಲಿರೋ ರೋಗಿ ಇದ್ದಾರೆ, ಯಾರ ಇನ್ವರ್ಟರ್ ಎಷ್ಟು ತಾಸು ಬರ್ತದೆ ಅಂತ. ಆಜೋಬಾಗೆ ಹೊಸ ಬ್ಯಾಟರಿ ಬಂತು, ಜೊತೆಗೆ ಒಂದು ಸಿಲಿಂಡರ್ ಕೂಡ. ಎಕ್ಸ್‌ಟೆನ್ಶನ್ ವೈರ್ ಮಾತ್ರ ಇನ್ನೂ ನಮ್ಮ ಬಾಲ್ಕನಿಯ ಮೊಳೆಗೇ ತೂಗಿಹಾಕಿದೆ. ನಿಮ್ಮ ಕಟ್ಟಡದಲ್ಲೂ ಇಂಥವರು ಯಾರಿದ್ದಾರೆ ಅಂತ ಇವತ್ತೇ ಒಮ್ಮೆ ಕೇಳಿ ನೋಡಿ. ಮುಂದಿನ ವಾರ ಸಿಗೋಣ.