ಮರೀನ್ ಡೂಮ್

ಮರೀನ್ ಡೂಮ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಮರೀನ್ ಪಡೆಯು ಯೋಧರ ತರಬೇತಿಗಾಗಿ 1996ರಲ್ಲಿ ರೂಪಿಸಿಕೊಂಡ ಕಂಪ್ಯೂಟರ್ ಆಟ. ಇದು ಸ್ವತಂತ್ರ ಕೃತಿಯಲ್ಲ. ಐಡಿ ಸಾಫ್ಟ್‌ವೇರ್ ಸಂಸ್ಥೆಯು 1994ರಲ್ಲಿ ಬಿಡುಗಡೆ ಮಾಡಿದ ‘ಡೂಮ್ 2’ ಎಂಬ ಜನಪ್ರಿಯ ವಿಡಿಯೊ ಆಟದ ಮಾರ್ಪಾಟು.

ಹಿನ್ನೆಲೆ

ಯುದ್ಧವನ್ನು ಆಟದ ಮೂಲಕ ಅಭ್ಯಸಿಸುವ ಪದ್ಧತಿ ಹಳೆಯದು. 19ನೆಯ ಶತಮಾನದಲ್ಲಿ ಪ್ರಷ್ಯದ ಸೇನಾಧಿಕಾರಿಗಳು ನಕ್ಷೆಯ ಮೇಲೆ ಕಾಯಿಗಳನ್ನು ನಡೆಸುವ ‘ಕ್ರೀಗ್‌ಸ್ಪೀಲ್’ ಆಟವನ್ನು ಬಳಸುತ್ತಿದ್ದರು. ಶೀತಲ ಸಮರದ ಅನಂತರ ಅಮೆರಿಕದ ರಕ್ಷಣಾ ವೆಚ್ಚ ಕುಗ್ಗಿದಾಗ ಅಗ್ಗದ ತರಬೇತಿ ಸಾಧನಗಳ ಅಗತ್ಯ ಹೆಚ್ಚಿತು. ಮರೀನ್ ಪಡೆಯ ಅಂದಿನ ಮುಖ್ಯಸ್ಥ ಜನರಲ್ ಚಾರ್ಲ್ಸ್ ಕ್ರುಲಾಕ್ ಅವರು ನಿರ್ಣಯ ಸಾಮರ್ಥ್ಯವನ್ನು ಬೆಳೆಸಲು ಯುದ್ಧಕ್ರೀಡೆಗಳನ್ನು ಬಳಸುವಂತೆ ಸೂಚಿಸಿದರು.

ರಚನೆ

ವರ್ಜೀನಿಯ ರಾಜ್ಯದ ಕ್ವಾಂಟಿಕೊದಲ್ಲಿ ಲೆಫ್ಟಿನೆಂಟ್ ಸ್ಕಾಟ್ ಬಾರ್ನೆಟ್ ಮತ್ತು ಸಾರ್ಜೆಂಟ್ ಡೇನಿಯಲ್ ಸ್ನೈಡರ್ ಈ ಮಾರ್ಪಾಟನ್ನು ಕೈಗೊಂಡರು. ಡೂಮ್ ಆಟದಲ್ಲಿ ಚಿತ್ರ, ಧ್ವನಿ ಹಾಗೂ ನಕ್ಷೆಗಳು ಮೂಲ ಪ್ರೋಗ್ರಾಮಿನಿಂದ ಬೇರೆಯಾದ ಕಡತಗಳಲ್ಲಿದ್ದುದರಿಂದ ಅವುಗಳನ್ನು ಬದಲಿಸುವುದು ಸುಲಭವಾಗಿತ್ತು. ರಾಕ್ಷಸರ ಸ್ಥಾನದಲ್ಲಿ ಶತ್ರು ಸೈನಿಕರೂ ಕಾಲ್ಪನಿಕ ಆಯುಧಗಳ ಸ್ಥಾನದಲ್ಲಿ ಎಂ-16 ಬಂದೂಕು ಮೊದಲಾದ ನೈಜ ಶಸ್ತ್ರಗಳೂ ಬಂದವು. ಮೂಲ ಆಟದಲ್ಲಿ ಏಕಕಾಲಕ್ಕೆ ನಾಲ್ವರು ಆಡಬಹುದಿತ್ತು. ಮರೀನ್ ಪಡೆಯ ಅತಿ ಚಿಕ್ಕ ಘಟಕವಾದ ‘ಫೈರ್ ಟೀಮ್’ನಲ್ಲಿಯೂ ನಾಲ್ವರೇ ಇರುತ್ತಾರೆ. ಈ ಹೊಂದಾಣಿಕೆ ತರಬೇತಿಗೆ ಅನುಕೂಲವಾಯಿತು.

ಉದ್ದೇಶ ಮತ್ತು ಮಿತಿಗಳು

ಗುರಿಯಿಡುವುದನ್ನು ಕಲಿಸುವುದು ಈ ಆಟದ ಉದ್ದೇಶವಾಗಿರಲಿಲ್ಲ. ತಂಡವಾಗಿ ಮುನ್ನಡೆಯುವುದು, ಪರಸ್ಪರ ರಕ್ಷಣೆ ನೀಡುವುದು ಹಾಗೂ ಒತ್ತಡದಲ್ಲಿ ಶೀಘ್ರವಾಗಿ ನಿರ್ಧರಿಸುವುದು ಇದರ ಮುಖ್ಯ ಪಾಠಗಳು. ಆದರೆ ರಣರಂಗದಲ್ಲಿ ಪ್ರಾಣ ಉಳಿಸುವ ಕೆಲವು ಚಲನೆಗಳಿಗೇ ಇಲ್ಲಿ ಅವಕಾಶವಿರಲಿಲ್ಲ: ಡೂಮ್‌ನ ಆಟಗಾರನು ನೆಲಕ್ಕೊರಗಿ ತೆವಳಲಾರ, ಬಗ್ಗಲಾರ, ದೃಷ್ಟಿಯನ್ನು ಮೇಲೆ ಕೆಳಗೆ ಹೊರಳಿಸಲಾರ. ಭಾರ, ದಣಿವು, ಭಯಗಳೂ ಇಲ್ಲ. ಸತ್ತವನು ಮತ್ತೆ ಆಟಕ್ಕಿಳಿಯಬಲ್ಲ.

ಟೀಕೆ

ಗುಂಡು ಹಾರಿಸುವ ಆಟಗಳು ಕೊಲ್ಲುವುದಕ್ಕೆ ಮನುಷ್ಯನಲ್ಲಿರುವ ಸಹಜ ಹಿಂಜರಿಕೆಯನ್ನು ಕುಗ್ಗಿಸುತ್ತವೆ ಎಂದು ಅಮೆರಿಕ ಸೇನೆಯ ನಿವೃತ್ತ ಅಧಿಕಾರಿ ಡೇವ್ ಗ್ರಾಸ್‌ಮನ್ ವಾದಿಸಿದ್ದಾರೆ. ಈ ಅಭಿಪ್ರಾಯವನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಸೈನಿಕರಿಗೆ ಉಪಯುಕ್ತವೆಂದು ಬಗೆದ ಆಟ ಮಕ್ಕಳ ಕೈಯಲ್ಲೂ ಇರಬಹುದೇ ಎಂಬ ಪ್ರಶ್ನೆ ಈ ಚರ್ಚೆಯ ಕೇಂದ್ರದಲ್ಲಿದೆ.

ಪರಂಪರೆ

2002ರಲ್ಲಿ ಅಮೆರಿಕದ ಭೂಸೇನೆಯು ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಸಾರ್ವಜನಿಕರಿಗೆ ಉಚಿತವಾಗಿ ನೀಡಿತು. ಅದರ ಪ್ರಧಾನ ಉದ್ದೇಶ ಸೇನಾ ಭರ್ತಿಗೆ ಯುವಜನರನ್ನು ಆಕರ್ಷಿಸುವುದಾಗಿತ್ತು. 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಬೊಹೀಮಿಯ ಇಂಟರಾಕ್ಟಿವ್ ಸಂಸ್ಥೆಯಿಂದ ಮೂಡಿಬಂದ ‘ವರ್ಚುಯಲ್ ಬ್ಯಾಟಲ್‌ಸ್ಪೇಸ್’ ತಂತ್ರಾಂಶವು ಮುಂದೆ ಹಲವು ದೇಶಗಳ ಸೇನೆಗಳಲ್ಲಿ ಬಳಕೆಗೆ ಬಂದಿತು.