ತೋಡದೆ ಬಂದ ಕೊಳ

ನೀರು ನಿಲ್ಲುವ ಜಾಗಕ್ಕೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಮಡು, ಬಾವಿ, ಕಲ್ಯಾಣಿ, ಪುಷ್ಕರಿಣಿ. ಅವುಗಳ ಜೊತೆಗೆ ಬರುವ ಕ್ರಿಯಾಪದಗಳು ಮಾತ್ರ ಎರಡೋ ಮೂರೋ: ಅಗೆಸು, ತೋಡಿಸು, ಕಟ್ಟಿಸು. ನಮ್ಮ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಕೊಳವನ್ನು 'ತರಿಸುವುದು' ಎಂಬ ಪ್ರಯೋಗ ನಮ್ಮ ಕಾಲದ್ದು.

ಏಪ್ರಿಲ್ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಹೌಸಿಂಗ್ ಸೊಸೈಟಿಗಳ ಗೇಟಿಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಕೊಳಗಳು ಬರುತ್ತವೆ. ಒಳಗೆ ಮಡಚಿಟ್ಟ ನೀಲಿ ಪ್ಲಾಸ್ಟಿಕ್, ಕೆಲವು ಕೊಳವೆಗಳು, ಒಂದು ಸಣ್ಣ ಪಂಪು. ಹರಡಿ, ಜೋಡಿಸಿ, ನೀರು ಬಿಟ್ಟರೆ ಮುಗಿಯಿತು. ನೆಲ ಅಗೆಯಬೇಕಿಲ್ಲ. ಮಳೆ ಬಂದಾಗ ಮಡಚಿ ಮಂಚದಡಿ ಇಡಬಹುದು. ಬಾಡಿಗೆ ಮನೆ ಬದಲಿಸುತ್ತ ಬದುಕುವ ನಮ್ಮಂಥವರಿಗೆ ಹೇಳಿ ಮಾಡಿಸಿದಂತಿರುವ ಈ ವಸ್ತುವಿಗೂ ಒಂದು ಚರಿತ್ರೆಯಿದೆ. ಅದರಲ್ಲಿ ಒಂದು ಎಳೆ ತಂತ್ರಜ್ಞಾನದ್ದು. ಇನ್ನೊಂದು, ನೀರಿಗೆ ಯಾರು ಯಾರ ಜೊತೆ ಇಳಿಯಬೇಕು ಎಂಬ ಹಳೆಯ ಜಗಳದ್ದು.

ಮೊದಲು ತಂತ್ರಜ್ಞಾನದ ಮಾತು. ಕೊಳ ಮಾಡುವವನಿಗೆ ಎರಡು ಚಿಂತೆ: ನೀರು ಸೋರಬಾರದು, ಗೋಡೆ ಒಡೆಯಬಾರದು. ಸುಮಾರು 4500 ವರ್ಷಗಳ ಹಿಂದೆ ಮೊಹೆಂಜೊದಾರೊದ ಮಹಾಸ್ನಾನಗೃಹವನ್ನು ಕಟ್ಟಿದವರು ಸೋರಿಕೆಗೆ ಉಪಾಯ ಕಂಡುಕೊಂಡಿದ್ದರು. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳದ ಆ ಇಟ್ಟಿಗೆಯ ಕೊಳಕ್ಕೆ ಡಾಂಬರಿನಂಥ ವಸ್ತುವಿನ ಒಂದು ಪದರ ಕೊಟ್ಟರು. ಇಂದಿನ ನೀಲಿ ಪ್ಲಾಸ್ಟಿಕ್ ಹಾಳೆ ಮಾಡುವುದೂ ಅದೇ ಕೆಲಸವನ್ನು. ಗೋಡೆಯ ಚಿಂತೆಯನ್ನು ಅವರು ನೆಲಕ್ಕೆ ಬಿಟ್ಟರು. ನೀರು ಹೊರಕ್ಕೆ ಒತ್ತುವಾಗ ಸುತ್ತಲ ಮಣ್ಣು ಒಳಕ್ಕೆ ಒತ್ತುತ್ತದೆ. ಆದ್ದರಿಂದ ತೋಡಿದ ಕೊಳದ ಗೋಡೆ ಗಟ್ಟಿ.

ಹಂಪಿಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಿಣಿಯನ್ನು ನೀವು ನೋಡಿರಬಹುದು. ನುಣುಪಾದ ಕಪ್ಪು ಕಲ್ಲಿನ ಐದು ಹಂತಗಳು. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಗುರುತುಗಳು ಕಾಣುತ್ತವೆ. ಯಾವ ದಿಕ್ಕಿನದು, ಯಾವ ಸಾಲಿನದು ಎಂದು ತಿಳಿಯಲು ಕೆತ್ತಿದವು. ಅಂದರೆ ಕಲ್ಲುಗಳನ್ನು ಬೇರೆಡೆ ಕಡಿದು, ಗುರುತು ಹಾಕಿ, ತಂದು ಜೋಡಿಸಿದ್ದಾರೆ. ಬಿಡಿಭಾಗಗಳಿಗೆ ನಂಬರ್ ಹಾಕಿ ಪೆಟ್ಟಿಗೆಯಲ್ಲಿ ಕಳಿಸುವ ಇಂದಿನ ಕಂಪನಿಯ ಕೆಲಸವನ್ನು ವಿಜಯನಗರದ ಕಲ್ಲುಕುಟಿಗರು ಆಗಲೇ ಮಾಡಿದ್ದರು. ಆ ಕೊಳಕ್ಕೆ ನೀರು ಬರುತ್ತಿದ್ದದ್ದು ಕಲ್ಲಿನ ಕಂಬಗಳ ಮೇಲೆ ಹಾದುಬರುವ ಕಾಲುವೆಯಿಂದ. ನೀರನ್ನು ನೆಲದಿಂದ ಎತ್ತರಕ್ಕೆ ಏರಿಸಿದ್ದರು, ಕೊಳವನ್ನು ಮಾತ್ರ ನೆಲದಲ್ಲೇ ಇಳಿಸಿದ್ದರು.

ಕೊಳವೂ ನೆಲ ಬಿಟ್ಟು ಮೇಲೇರಿದ್ದು 20ನೇ ಶತಮಾನದಲ್ಲಿ. ಅಮೆರಿಕದ ಫಿಲಡೆಲ್ಫಿಯಾದ ರಾಕೆಟ್ ಕ್ಲಬ್ 1907ರಲ್ಲಿ ತನ್ನ ಕಟ್ಟಡದ ಒಳಗೆ ನೆಲಮಟ್ಟದಿಂದ ಮೇಲೆ ಕಟ್ಟಿಸಿದ ಕೊಳವನ್ನು ಇಂಥವುಗಳಲ್ಲಿ ಮೊದಮೊದಲಿನದೆಂದು ಹೇಳುತ್ತಾರೆ. ಆದರೆ ಅದು ಶ್ರೀಮಂತರ ಕ್ಲಬ್ಬು. ಸಾಮಾನ್ಯರ ಅಂಗಳಕ್ಕೆ ಕೊಳ ಬರಲು ಇನ್ನೊಂದು ವಸ್ತು ಬೇಕಿತ್ತು. 1926ರಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ರಸಾಯನ ವಿಜ್ಞಾನಿ ವಾಲ್ಡೊ ಸೀಮನ್, ಗಡುಸಾದ ಪಿವಿಸಿಯನ್ನು ಬಾಗುವಂತೆ, ಮಡಚುವಂತೆ ಮಾಡುವ ದಾರಿ ಕಂಡುಹಿಡಿದರು. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಈ ಹಾಳೆ ಅಗ್ಗವಾಯಿತು. 1940ರ ದಶಕದಲ್ಲಿ ಡೋಬಾಯ್ ಹೆಸರಿನ ಒಯ್ಯಬಲ್ಲ ಕೊಳಗಳು ಮಾರುಕಟ್ಟೆಗೆ ಬಂದವು. ಒಂದು ಗುಂಡನೆಯ ಗೋಡೆ, ಒಳಗೊಂದು ಹಾಳೆ, ಅಷ್ಟೇ. ಗುಂಡಗೇ ಏಕೆ? ಸುತ್ತ ಮಣ್ಣಿಲ್ಲದಿದ್ದಾಗ ನೀರಿನ ಒತ್ತಡವನ್ನು ಗೋಡೆಯೇ ತಾಳಬೇಕು. ಪೀಪಾಯಿಗೆ ಬಿಗಿದ ಪಟ್ಟಿಯಂತೆ ಗುಂಡಾಕಾರ ಆ ಒತ್ತಡವನ್ನು ಸುತ್ತಲೂ ಸಮನಾಗಿ ಹಂಚುತ್ತದೆ. ಚೌಕಾಕಾರವಾದರೆ ಉದ್ದ ಬದಿಗಳು ಉಬ್ಬುತ್ತವೆ. ಅವಕ್ಕೆ ಕಾಲುಗಳ, ಕಬ್ಬಿಣದ ಚೌಕಟ್ಟಿನ ಆಸರೆ ಬೇಕು. ಇಂದಿಗೂ ಒಂದೇ ಅಳತೆಯಲ್ಲಿ ಗುಂಡನೆಯದಕ್ಕಿಂತ ಚೌಕದ ಕೊಳಕ್ಕೆ ಬೆಲೆ ಹೆಚ್ಚಿರುವುದಕ್ಕೆ ಇದೊಂದು ಕಾರಣ.

ಇನ್ನೊಂದು ಎಳೆಗೆ ಬರೋಣ. ಈ ಕೊಳಗಳು ಅಮೆರಿಕದ ಹಿತ್ತಲುಗಳಲ್ಲಿ ಹಬ್ಬಿದ ವರ್ಷಗಳಲ್ಲೇ ಅಲ್ಲಿನ ಸಾರ್ವಜನಿಕ ಈಜುಕೊಳಗಳಲ್ಲಿ ಹೊಡೆದಾಟಗಳಾಗುತ್ತಿದ್ದವು. 1949ರ ಜೂನ್ 21ರಂದು ಸೇಂಟ್ ಲೂಯಿಸ್ ನಗರದ ಫೇರ್‌ಗ್ರೌಂಡ್ ಪಾರ್ಕಿನ ಕೊಳಕ್ಕೆ ಕರಿಯ ಮಕ್ಕಳು ಮೊದಲ ಬಾರಿಗೆ ಇಳಿದರು. ಬಿಳಿಯರ ಗುಂಪು ಸುತ್ತುವರಿದು ಹಲ್ಲೆಗಿಳಿಯಿತು. ಮಿಸಿಸಿಪ್ಪಿಯ ಜಾಕ್ಸನ್ ನಗರವಂತೂ ಎಲ್ಲರಿಗೂ ಪ್ರವೇಶ ಕೊಡುವ ಬದಲು 1963ರಲ್ಲಿ ತನ್ನ ಈಜುಕೊಳಗಳನ್ನೇ ಮುಚ್ಚಿತು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಹಾಗೆ ಮುಚ್ಚಿದ್ದು ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಸಾರ್ವಜನಿಕ ಕೊಳ ಎಲ್ಲರದಾದಾಗ ಬಿಳಿಯರು ಖಾಸಗಿ ಕ್ಲಬ್ಬುಗಳಿಗೆ, ಹಿತ್ತಲ ಕೊಳಗಳಿಗೆ ಹೋದರು ಎಂದು ಇತಿಹಾಸಕಾರ ಜೆಫ್ ವಿಲ್ಟ್ಸ್ ತೋರಿಸಿಕೊಟ್ಟಿದ್ದಾರೆ. ಹಿತ್ತಲಲ್ಲಿ ಕೊಳ ಇಟ್ಟುಕೊಂಡ ಎಲ್ಲರ ಮನಸ್ಸಿನಲ್ಲೂ ದ್ವೇಷವಿತ್ತು ಎಂದಲ್ಲ. ಬೇಲಿಯೊಳಗಿನ ಕೊಳ ಆ ಪ್ರಶ್ನೆಯನ್ನು ಎದುರಿಸದೆ ಈಜುವ ಅನುಕೂಲವನ್ನು ಕೊಟ್ಟಿತು.

ಈ ಕತೆ ಓದಿ ನಾವು ತಲೆಯಾಡಿಸುವಂತಿಲ್ಲ. ಥಾಣೆಯಿಂದ ಉಡುಪಿ, ಮಂಗಳೂರಿಗೆ ರಸ್ತೆಯಲ್ಲಿ ಹೋಗುವವರು ಮಹಾಡನ್ನು ಹಾದುಹೋಗುತ್ತಾರೆ. ರಾತ್ರಿ ಬಸ್ಸಿನಲ್ಲಿ ನಿದ್ದೆಯಲ್ಲಿರುವಾಗ ಆ ಊರು ದಾಟಿಬಿಡುತ್ತದೆ. ಅಲ್ಲಿ ಚವದಾರ್ ಕೆರೆ ಇದೆ. 1923ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆಯವರು ತಂದ ನಿರ್ಣಯವನ್ನು ಮುಂಬಯಿ ಶಾಸನ ಪರಿಷತ್ತು ಒಪ್ಪಿತು: ಸಾರ್ವಜನಿಕ ಹಣದಲ್ಲಿ ನಡೆಯುವ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳು ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. ಹಾಗಾಗಿ ಇದು ಕನ್ನಡ ನಾಡಿನ ಕೆರೆಗಳ ಮಾತೂ ಹೌದು. 1924ರಲ್ಲಿ ಮಹಾಡ್ ಪುರಸಭೆ ತನ್ನ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ಯಾರೂ ಇಳಿಯುವ ಧೈರ್ಯ ಮಾಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಅವರ ಜೊತೆಗಿದ್ದ ಸಾವಿರಾರು ಜನ ನಡೆದುಹೋಗಿ ಆ ನೀರನ್ನು ಕುಡಿದರು. ಅವರ ಮೇಲೆ ಹಲ್ಲೆಯಾಯಿತು. ಆಮೇಲೆ ಸವರ್ಣರು ಗಂಜಲ, ಸಗಣಿ, ಹಾಲು, ಮೊಸರು ಬೆರೆಸಿದ 108 ಕೊಡ ನೀರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ವ್ಯಾಜ್ಯ ನಡೆದು 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಅಂಬೇಡ್ಕರರ ಪರ ತೀರ್ಪು ಕೊಟ್ಟಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರು ಹಿಡಿದು ಸೇರಿಸಿದ್ದರ ಹಿಂದೆ ಇಂಥ ಅನುಭವಗಳಿವೆ. ಸರ್ಕಾರದ ಹಣದಲ್ಲಿ ನಡೆಯುವ ಇಂಥ ಜಾಗಗಳಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಹೆಸರಲ್ಲಿ ಯಾರನ್ನೂ ತಡೆಯುವಂತಿಲ್ಲ. ಖಾಸಗಿ ಕೊಳಗಳ ಕತೆ ಬೇರೆ. ಮುಂಬಯಿಯ ಬ್ರೀಚ್ ಕ್ಯಾಂಡಿ ಈಜುಕೊಳ ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ಯುರೋಪಿಯನ್ನರಿಗೆ ಮಾತ್ರ ಇತ್ತು. ಅಲ್ಲಿನ ಹೊರಾಂಗಣದ ಕೊಳದ ಆಕಾರ ಅಖಂಡ ಭಾರತದ ನಕ್ಷೆಯದು! ಭಾರತದ ಆಕಾರದ ನೀರಿನಲ್ಲಿ ಭಾರತೀಯರಿಗೆ ಜಾಗವಿರಲಿಲ್ಲ.

ನಮ್ಮ ಊರುಗಳಲ್ಲಿ ಈಜು ಕಲಿಸಿದ್ದು ಬಾವಿ, ಕೆರೆ, ಹೊಳೆಗಳು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಣ್ಣನೋ ಮಾವನೋ ಬಾವಿಗೆ ತಳ್ಳುವುದು ಪಾಠದ ಮೊದಲ ದಿನ. ಈ ನೆನಪನ್ನು ನಾವು ಹಬ್ಬದಂತೆ ಹೇಳಿಕೊಳ್ಳುತ್ತೇವೆ. ಆದರೆ ಅದು ಹೆಚ್ಚಾಗಿ ಗಂಡುಮಕ್ಕಳ ನೆನಪು, ಯಾವ ಬಾವಿಗೆ ಇಳಿಯಬಹುದು ಎಂದು ಕೇಳಬೇಕಾಗದಿದ್ದವರ ನೆನಪು. ಅಜ್ಜನನ್ನು ಕೆರೆಯ ಏರಿಯ ಮೇಲೇ ನಿಲ್ಲಿಸಿದ್ದ ಊರಿನಿಂದ ಬಂದವರೊಬ್ಬರು ಇಂದು ತಮ್ಮದೇ ದುಡ್ಡಿನಲ್ಲಿ ಮಗಳಿಗೊಂದು ಕೊಳ ತರಿಸಿದರೆ ಅದನ್ನು ಬರೀ ಶೋಕಿ ಎನ್ನಲಾಗದು. ನೋಡುವ ಕಣ್ಣುಗಳ ಭಯವಿಲ್ಲದೆ ಹೆಣ್ಣುಮಕ್ಕಳು ನೀರಿಗಿಳಿಯುವುದೂ ಸಣ್ಣ ಸಂಗತಿಯಲ್ಲ.

ಈಗ ನಮ್ಮ ಕೋಪರಿಗೆ ಬರೋಣ. ಒಂದು ಮಗ್ಗುಲಿಗೆ ಥಾಣೆ ಖಾಡಿ. ರೈಲು ಹಳಿಯಾಚೆ ಕೋಪಿನೇಶ್ವರ ಮಂದಿರದ ಪಕ್ಕದ ಮಾಸುಂದಾ ಕೆರೆ, ಜನರ ಬಾಯಲ್ಲಿ ತಲಾವ್ ಪಾಳಿ. ಕೆರೆಗಳ ಊರೆಂದು ಹೆಸರಾದ ಥಾಣೆಯಲ್ಲಿ ಈಗ ಕೆರೆಗೆ ಹೋಗುವುದು ದೋಣಿ ವಿಹಾರಕ್ಕೆ, ಸಂಜೆಯ ತಿರುಗಾಟಕ್ಕೆ. ಈಜಬೇಕೆಂದರೆ ನಗರಪಾಲಿಕೆಯ ತರಣ ತಲಾವ್, ಇಲ್ಲವೇ ದೊಡ್ಡ ಕಾಂಪ್ಲೆಕ್ಸುಗಳ ಕ್ಲಬ್ ಹೌಸ್. ಎರಡನೆಯದರಲ್ಲಿ ಜಾತಿ ಕೇಳುವುದಿಲ್ಲ, ಫ್ಲಾಟ್ ನಂಬರ್ ಕೇಳುತ್ತಾರೆ. ಇವೆರಡೂ ಕೈಗೆಟುಕದವರಿಗೆ ಪೆಟ್ಟಿಗೆಯ ಕೊಳ.

ತರಿಸುವ ಮುನ್ನ ಒಂದು ಲೆಕ್ಕ ಹಾಕಿ. 10 ಅಡಿ ಅಡ್ಡಳತೆಯ ಗುಂಡು ಕೊಳದಲ್ಲಿ 2 ಅಡಿ ನೀರು ನಿಂತರೆ ಸುಮಾರು 4,400 ಲೀಟರ್, ಅಂದರೆ ಸುಮಾರು 4.4 ಟನ್, ನಾಲ್ಕೈದು ಸಣ್ಣ ಕಾರುಗಳ ತೂಕ. ಪ್ರತಿ ಚದರ ಮೀಟರಿಗೆ 600 ಕಿಲೋ. ನಮ್ಮ ಕಟ್ಟಡಗಳ ವಿನ್ಯಾಸಕ್ಕೆ ಆಧಾರವಾದ ಐಎಸ್ 875 ಮಾನದಂಡ ಜನ ಓಡಾಡುವ ಟೆರೇಸಿಗೆ ಎಣಿಸುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ, ವಾಸದ ಕೋಣೆಗೆ ಸುಮಾರು 200 ಕಿಲೋ. ಟೆರೇಸಿನ ಆ ಲೆಕ್ಕ ಅರ್ಧ ಅಡಿ ನೀರಿಗೇ ಮುಗಿದುಹೋಗುತ್ತದೆ. "ಮೇಲೆ ನೀರಿನ ಟ್ಯಾಂಕ್ ಇಲ್ಲವೇ, ಅದು ಬಿದ್ದಿದೆಯೇ?" ಎಂದು ಸೊಸೈಟಿ ಮೀಟಿಂಗಿನಲ್ಲಿ ಒಬ್ಬರಾದರೂ ಕೇಳುತ್ತಾರೆ. ಆ ಟ್ಯಾಂಕಿನ ಭಾರವನ್ನು ಮೊದಲೇ ಎಣಿಸಿ, ಕಂಬ ತೊಲೆಗಳ ಮೇಲೆ ಕೂರಿಸಿರುತ್ತಾರೆ. ನಡು ಚಾವಣಿಯ ಮೇಲೆ ಅಲ್ಲ. ಹಳೆಯ ಕಟ್ಟಡವಾದರೆ ಮಾತೇ ಬೇಡ. ಈ ಕೊಳದ ಜಾಗ ನೆಲವೇ: ಕಾಂಪೌಂಡಿನೊಳಗಿನ ಸಮತಟ್ಟಾದ, ಕಲ್ಲು ಮುಳ್ಳಿಲ್ಲದ ಮೂಲೆ.

ಬಗೆಗಳು ಮುಖ್ಯವಾಗಿ ಮೂರು. ಮೇಲಂಚಿನ ಉಂಗುರಕ್ಕೆ ಗಾಳಿ ತುಂಬುವಂಥದ್ದು ಅಗ್ಗ, ಆದರೆ ತೂತಾದರೆ, ನೆಲ ಓರೆಯಾಗಿದ್ದರೆ ಒಂದು ಬದಿಗೆ ವಾಲುತ್ತದೆ. ಕಬ್ಬಿಣದ ಕೊಳವೆಗಳ ಚೌಕಟ್ಟಿನದು ಹೆಚ್ಚು ಬಾಳುತ್ತದೆ, ಬೇಸಿಗೆ ಮುಗಿದ ಮೇಲೆ ಬಿಚ್ಚಿಡಬಹುದು. ಉಕ್ಕಿನ ಗೋಡೆಯದು ಸ್ವಂತ ಅಂಗಳವಿದ್ದವರಿಗೆ, ಊರಿನ ಮನೆಗೆ ಸರಿ. ಯಾವುದಾದರೂ ನೀರು ಸೋಸುವ ಪಂಪು ಇರಲಿ. ಅದರ ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ 7.2ರಿಂದ 7.8ರೊಳಗೆ. ಹಾಗೇ ಬಿಟ್ಟ ನೀರಿನಲ್ಲಿ ವಾರ ಹತ್ತು ದಿನದೊಳಗೆ ಡೆಂಗಿ ಸೊಳ್ಳೆ ಹುಟ್ಟಿ ಹಾರುತ್ತದೆ. ಮಕ್ಕಳು ನೀರಿನಲ್ಲಿರುವಾಗ ಕೈಚಾಚುವಷ್ಟು ದೂರದಲ್ಲಿ ದೊಡ್ಡವರೊಬ್ಬರು ಮೊಬೈಲ್ ಬದಿಗಿಟ್ಟು ಕೂರಬೇಕು. ಆಟ ಮುಗಿದ ಮೇಲೆ ಏಣಿ ತೆಗೆದಿಡಬೇಕು. ತೀರ ಸಣ್ಣ ಕೊಳವಾದರೆ ಖಾಲಿ ಮಾಡಿಬಿಡಬೇಕು.

ಇಷ್ಟೆಲ್ಲ ಆದ ಮೇಲೂ ಪೆಟ್ಟಿಗೆಯಲ್ಲಿ ಬಾರದ ಒಂದು ವಸ್ತು ಉಳಿಯುತ್ತದೆ: ನೀರು. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಸರಬರಾಜಿನ ಮಾನದಂಡ. ಆ ಲೆಕ್ಕದಲ್ಲಿ 4,400 ಲೀಟರ್ ಎಂದರೆ ನಾಲ್ಕು ಜನರ ಮನೆಗೆ ಎಂಟು ದಿನದ ನೀರು. ಥಾಣೆಗೆ ಆ ನೀರು ಬರುವುದು ಭಾತ್ಸಾ, ಉಲ್ಹಾಸ್ ನದಿಗಳಿಂದ. ಭಾತ್ಸಾ ಅಣೆಕಟ್ಟು ಇರುವುದು ನಮ್ಮದೇ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಹಳ್ಳಿಪಾಡಿನ ಹೆಂಗಸರು ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ಕಾಯುತ್ತಾರೆ. ಅಣೆಕಟ್ಟಿನ ಬುಡದಲ್ಲಿ ಬರ, ಕೊಳವೆಯ ತುದಿಯಲ್ಲಿ ಈಜು. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ನಿಮಗೆ ನೆನಪಿರಬಹುದು. ಮಹಾಡಿನ ಪ್ರಶ್ನೆ ಕೊನೆಗೊಂಡಿಲ್ಲ. ಕೆರೆಯ ಮೆಟ್ಟಿಲಿನಿಂದ ಕೊಳವೆಯ ವಾಲ್ವಿಗೆ ವರ್ಗವಾಗಿದೆ.

ಹಾಗೆಂದು ಮಕ್ಕಳ ಬೇಸಿಗೆಯನ್ನು ಒಣಗಿಸಬೇಕೇ? ಬೇಡ. ಈಜು ಕಲಿಸುವ ಉದ್ದೇಶವಿದ್ದರೆ ತರಣ ತಲಾವ್‌ನ ಬೇಸಿಗೆ ತರಗತಿಯಲ್ಲಿ ಜಾಗ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. 2 ಅಡಿಯ ಕೊಳದಲ್ಲಿ ಈಜು ಬರುವುದಿಲ್ಲ, ಆಟ ಮಾತ್ರ. ಆಟವೇ ಸಾಕೆಂದರೆ ನಾಲ್ಕಾರು ಮನೆಯವರು ಸೇರಿ ಒಂದನ್ನೇ ಕೊಂಡು, ಕೆಳಗೆ ಕಾಂಪೌಂಡಿನಲ್ಲಿಟ್ಟು, ಸೋಸಿದ ಅದೇ ನೀರನ್ನು ವಾರಗಟ್ಟಲೆ ಬಳಸಿ. ಕೊನೆಗೆ ಎರಡು ಮೂರು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಇಳಿಯುತ್ತದೆ. ಅಂಗಳ ತೊಳೆಯಲು, ಶೌಚಾಲಯಕ್ಕೆ ಆ ನೀರು ಬರುತ್ತದೆ. ಸೊಸೈಟಿಯ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಯಾವ ಮಕ್ಕಳು ಯಾವ ಹೊತ್ತಿಗೆ ಇಳಿಯಬೇಕೆಂದು ಪಟ್ಟಿ ಮಾಡುವಾಗ ವಾಚ್‌ಮನ್‌ನ ಮಗಳ ಹೆಸರನ್ನೂ, ಮೂರನೇ ಮಹಡಿಯಲ್ಲಿ ಪಾತ್ರೆ ತೊಳೆಯಲು ಬರುವಾಕೆಯ ಮಗನ ಹೆಸರನ್ನೂ ಬರೆಯಿರಿ. ಅದಕ್ಕೆ ಮೀಟಿಂಗಿನಲ್ಲಿ ಯಾರಾದರೂ ಆಕ್ಷೇಪ ಎತ್ತಿದರೆ, ಮಹಾಡಿನ ಕೆರೆಯ ಕತೆಯನ್ನು ಅಲ್ಲೇ ಹೇಳಬಹುದು.