ಸಾವಯವ ಪಾಲಿಮರ್ ಸೌರಕೋಶ

ಸಿಲಿಕಾನ್ ಬದಲು ಇಂಗಾಲ ಆಧಾರಿತ ಅರೆವಾಹಕ ಪಾಲಿಮರುಗಳಿಂದ ಬೆಳಕನ್ನು ವಿದ್ಯುತ್ತಾಗಿಸುವ ತೆಳುಪದರದ ಸಾಧನ. ‘ಸಾವಯವ’ ಎಂಬುದನ್ನು ಇಲ್ಲಿ ರಸಾಯನಶಾಸ್ತ್ರದ ಅರ್ಥದಲ್ಲೇ ತಿಳಿಯಬೇಕು. ಪಾಲಿಅಸಿಟಲೀನ್ ವಿದ್ಯುತ್ ಹರಿಸಬಲ್ಲದೆಂದು ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಾಕಾವಾ 1977ರಲ್ಲಿ ತೋರಿಸಿದ್ದೇ ಈ ಶಾಖೆಯ ಬೇರು. ಅದಕ್ಕೆ 2000ದ ನೊಬೆಲ್ ಬಂತು.

ಬೆಳಕು ಬಿದ್ದಾಗ ಪಾಲಿಮರಿನಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರ (ಎಲೆಕ್ಟ್ರಾನ್ ತೆರವಾದ ಧನಾತ್ಮಕ ಜಾಗ) ಒಂದಕ್ಕೊಂದು ಅಂಟಿಕೊಂಡೇ ಹುಟ್ಟುತ್ತವೆ. ಎಕ್ಸಿಟಾನ್ ಎಂಬ ಈ ಜೋಡಿ ಸುಮಾರು 10 ನ್ಯಾನೊಮೀಟರ್ ಸಾಗುವಷ್ಟರಲ್ಲಿ ಅಳಿದುಹೋಗುತ್ತದೆ. ಅಷ್ಟರೊಳಗೆ ಎರಡು ವಸ್ತುಗಳ ಗಡಿ ಸಿಕ್ಕರೆ ಮಾತ್ರ ಬೇರ್ಪಟ್ಟು ವಿದ್ಯುತ್ ಕೊಡುತ್ತದೆ. ಎಲೆಕ್ಟ್ರಾನ್ ಕೊಡುವ ಪಾಲಿಮರನ್ನೂ ಪಡೆಯುವ ಫುಲರೀನನ್ನೂ ಒಂದೇ ದ್ರಾವಣದಲ್ಲಿ ಬೆರೆಸಿ ಹಚ್ಚುವ ಉಪಾಯ 1995ರಲ್ಲಿ ಈ ತೊಡಕನ್ನು ಬಿಡಿಸಿತು. ಸರಳವಾದರೂ ಇಡೀ ಕ್ಷೇತ್ರವನ್ನು ತಿರುಗಿಸಿದ ಹೆಜ್ಜೆಯಿದು. ಫುಲರೀನ್ ಬದಲು ಬಳಸಲು 2019ರಲ್ಲಿ ಬಂದ ವೈ6 ಅಣು ದಕ್ಷತೆಯನ್ನು ಶೇ 15ರ ಆಚೆ ಒಯ್ದಿತು.

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ತಂಡ ಈ ಸಾಧನಗಳ ಭೌತಶಾಸ್ತ್ರವನ್ನು ಅಧ್ಯಯನ ಮಾಡಿದೆ. ಬೆಳಕಿಗೆ ಸ್ಪಂದಿಸುವ ಇಂಥ ಪಾಲಿಮರನ್ನೇ ಕೃತಕ ಅಕ್ಷಿಪಟಲದ ಪ್ರಯೋಗಕ್ಕೂ ಬಳಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಪಾಟೀಲ್ ತಂಡ ಹೊಸ ಪಾಲಿಮರುಗಳನ್ನು ಸಂಶ್ಲೇಷಿಸುತ್ತದೆ. ಕರಾವಳಿಯಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ರಸಾಯನಶಾಸ್ತ್ರ ವಿಭಾಗ ಥಯೋಫೀನ್ ಆಧಾರಿತ ಪಾಲಿಮರುಗಳ ಮೇಲೆ ಕೆಲಸ ಮಾಡಿದೆ.

ತೇವಾಂಶ ಮತ್ತು ಆಮ್ಲಜನಕ ತಗುಲಿದರೆ ಈ ಪದರಗಳು ಬೇಗ ಕೆಡುತ್ತವೆ. ಬೈಂದೂರು, ಕುಂದಾಪುರ, ಬ್ರಹ್ಮಾವರದಂಥ ಉಪ್ಪುಗಾಳಿಯ, ಜಡಿಮಳೆಯ ಊರುಗಳಲ್ಲಿ ಮಾಡಿನ ಮೇಲೆ ಇವು ಬಾಳಬೇಕಾದರೆ ಗಾಳಿ-ನೀರು ನುಸುಳದ ಹೊದಿಕೆಯೇ ಮೊದಲ ಅಗತ್ಯ.